ರಿಪೇರಿಯ ಮರುದಿನದ ಸದ್ದು

ಮೋಟಾರು ಗಾಡಿಯನ್ನು ಇಟ್ಟುಕೊಂಡಿರುವ ಗೃಹಸ್ಥರಿಗೆಲ್ಲ ಪರಿಚಿತವಾದ ಒಂದು ಸಂಕಟವುಂಟು. ಗಾಡಿ ಯಾವ ತಕರಾರೂ ಇಲ್ಲದೆ ಓಡಾಡುತ್ತಿರುತ್ತದೆ. ಇಷ್ಟು ಕಿಲೋಮೀಟರು ಓಡಿತು, ಇಷ್ಟು ತಿಂಗಳು ಕಳೆಯಿತು ಎಂಬ ಲೆಕ್ಕಕ್ಕೆ ಕಟ್ಟುಬಿದ್ದು ಅದನ್ನು ಸರ್ವಿಸಿಗೆ ಬಿಡುತ್ತೇವೆ. ಸಂಜೆ ಹಣ ತೆತ್ತು, ತೊಳೆದು ಥಳಥಳಿಸುವ ಗಾಡಿಯನ್ನು ಮನೆಗೆ ತರುತ್ತೇವೆ. ಮರುದಿನ ಬೆಳಗ್ಗೆ ಕೀಲಿ ತಿರುಗಿಸಿದರೆ, ನಿನ್ನೆಯವರೆಗೆ ಇಲ್ಲದಿದ್ದ ಒಂದು ಸದ್ದು! ಆರೋಗ್ಯವಾಗಿದ್ದ ಮಗುವನ್ನು ತೂಕ ನೋಡಿಸಲೆಂದು ಆಸ್ಪತ್ರೆಗೆ ಒಯ್ದು ಕೆಮ್ಮು ಅಂಟಿಸಿಕೊಂಡು ಬಂದಂತೆ ಆಗುತ್ತದೆ. ಆಗ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ. ವಿಷಯ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಕಾರಣವನ್ನು ಹೇಗೆ ಹುಡುಕಬೇಕು, ಕಾರಣ ತಿಳಿಯುವ ಮುನ್ನ ಯಾರನ್ನೂ ಹೊಣೆಮಾಡುವುದು ಸರಿಯೆ ಎಂಬ ದೊಡ್ಡ ಪ್ರಶ್ನೆಯೊಂದು ಈ ಸಣ್ಣ ಸದ್ದಿನಲ್ಲಿ ಅಡಗಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ.

ಇಂತಹ ಸಂದರ್ಭದಲ್ಲಿ ಜನರು ಎರಡು ಬಗೆಯಾಗಿ ನಡೆದುಕೊಳ್ಳುವುದನ್ನು ನೋಡಿದ್ದೇವೆ. ಕೆಲವರು ಆ ಕ್ಷಣವೇ ಗ್ಯಾರೇಜಿಗೆ ಧಾವಿಸಿ, "ನೀವೇ ಕೆಡಿಸಿದಿರಿ" ಎಂದು ಜಗಳಕ್ಕೆ ನಿಲ್ಲುತ್ತಾರೆ. ಇನ್ನು ಕೆಲವರು, "ಓಡುತ್ತಿದೆಯಲ್ಲ, ಓಡಲಿ, ನಾಲ್ಕು ದಿನದಲ್ಲಿ ತಾನೇ ಸರಿಹೋದೀತು" ಎಂದು ರೇಡಿಯೋದ ಧ್ವನಿಯನ್ನು ಏರಿಸಿಕೊಂಡು ಮುಂದೆ ಸಾಗುತ್ತಾರೆ. ಮೊದಲನೆಯವರಿಗೆ ತಾಳ್ಮೆ ಸಾಲದು. ಎರಡನೆಯವರಿಗೆ ಎಚ್ಚರ ಸಾಲದು. ಇಬ್ಬರಿಗೂ ಸಮಾನವಾದ ದೋಷವೊಂದಿದೆ: ಇಬ್ಬರೂ ಸದ್ದನ್ನು ಕೇಳಿಸಿಕೊಂಡರೇ ಹೊರತು ಆಲಿಸಲಿಲ್ಲ.

ನಮ್ಮ ಹಿಂದಿನವರು 'ಕಾಕತಾಳೀಯ ನ್ಯಾಯ'ವೆಂಬ ಮಾತೊಂದನ್ನು ಬಿಟ್ಟುಹೋಗಿದ್ದಾರೆ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ವೇಳೆಗೆ ಹಣ್ಣು ಉದುರಿತು. ಕಾಗೆಯ ಭಾರಕ್ಕೆ ಹಣ್ಣು ಬಿದ್ದಿತೋ, ಬೀಳಲಿದ್ದ ಹಣ್ಣಿನ ಹೊತ್ತಿಗೆ ಸರಿಯಾಗಿ ಕಾಗೆ ಬಂದಿತೋ? ಒಂದಾದ ಮೇಲೆ ಒಂದು ನಡೆಯಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಕಾಗೆ ನಿರಪರಾಧಿ ಎಂದೂ ಈ ನ್ಯಾಯವು ಹೇಳುವುದಿಲ್ಲ. ವಿಚಾರಿಸದೆ ತೀರ್ಪು ಕೊಡಬೇಡ ಎಂದಷ್ಟೇ ಹೇಳುತ್ತದೆ. ಗ್ಯಾರೇಜಿನ ವಿಷಯದಲ್ಲಿ ವಿಚಾರಣೆ ನಡೆಸುವ ಬಗೆ ಹೇಗೆ? ನಮಗೇ ಒದಗಿದ ಒಂದು ಅನುಭವವನ್ನು ಇಲ್ಲಿ ಹೇಳಿಕೊಂಡರೆ ವಾಚಕರು ಮನ್ನಿಸುವರೆಂದು ನಂಬಿದ್ದೇವೆ.

ನಮ್ಮಲ್ಲಿ ಹದಿನಾಲ್ಕು ವರ್ಷದ ಹಳೆಯ ಪೆಟ್ರೋಲು ಕಾರೊಂದಿದೆ. ನಾಲ್ಕು ಸಿಲಿಂಡರಿನದು, ಬಡಪಾಯಿ, ಆದರೆ ನಂಬಿಕಸ್ತ. ವಾಡಿಕೆಯಂತೆ ಅದನ್ನು ಸರ್ವಿಸಿಗೆ ಬಿಟ್ಟೆವು. ಎಂಜಿನ್ ಆಯಿಲ್, ಆಯಿಲ್ ಫಿಲ್ಟರು, ಏರ್ ಫಿಲ್ಟರು, ನಾಲ್ಕು ಪ್ಲಗ್ಗುಗಳು – ಇಷ್ಟು ಬದಲಾದುವು. ಬ್ರೇಕುಗಳನ್ನು ಬಿಚ್ಚಿ ಶುಚಿಮಾಡಿದರು. ಮರುದಿನ ಬೆಳಗ್ಗೆ ಎಂಜಿನ್ನಿನಿಂದ 'ಟಿಕ್ ಟಿಕ್ ಟಿಕ್' ಎಂಬ ಸದ್ದು ಬರತೊಡಗಿತು. ಹೊಲಿಗೆಯ ಯಂತ್ರವನ್ನು ದೂರದಿಂದ ಕೇಳಿದ ಹಾಗಿತ್ತು. ಗ್ಯಾರೇಜಿಗೆ ದೂರವಾಣಿ ಮಾಡಿದಾಗ ಅಲ್ಲಿನ ತರುಣ ಮೆಕ್ಯಾನಿಕ್ಕನು, "ಹಳೇ ಗಾಡಿ ಅಲ್ವಾ ಸಾರ್, ಟ್ಯಾಪೆಟ್ ಸೌಂಡು ಇದ್ದೇ ಇರುತ್ತೆ. ಓಡಿಸಿ, ಏನೂ ಆಗಲ್ಲ" ಎಂದನು. ಒಪ್ಪಿಕೊಳ್ಳಬಹುದಾದ ಮಾತೇ. ಆದರೆ ಹದಿನಾಲ್ಕು ವರ್ಷದ ಮುಪ್ಪು ಒಂದೇ ರಾತ್ರಿಯಲ್ಲಿ ಬಂದಿತೆಂದು ನಂಬುವುದು ನಮಗೆ ಕಷ್ಟವಾಯಿತು.

ಇಂತಹ ಹೊತ್ತಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದುದು, ಗಾಡಿಯನ್ನು ಇನ್ನು ಓಡಿಸಬಹುದೆ, ಬಾರದೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಕಿವಿಯಷ್ಟೇ ಸಾಲದು, ಕಣ್ಣೂ ಬೇಕು. ಆಯಿಲ್ ಬದಲಾಯಿಸುವಾಗ ಚೇಂಬರಿನ ತಳದ ಬೋಲ್ಟನ್ನು ಬಿಚ್ಚಿ ಮತ್ತೆ ಹಾಕುತ್ತಾರೆ. ಆ ಬೋಲ್ಟು ಸಡಿಲವಾಗಿದ್ದರೆ, ಅಥವಾ ಹಳೆಯ ಫಿಲ್ಟರಿನ ರಬ್ಬರಿನ ಬಳೆಯು ಎಂಜಿನ್ನಿಗೇ ಅಂಟಿಕೊಂಡು ಉಳಿದು ಅದರ ಮೇಲೆಯೇ ಹೊಸದನ್ನು ತಿರುಗಿಸಿದ್ದರೆ, ಆಯಿಲೆಲ್ಲ ಹೊರಗೆ ಹರಿದುಹೋಗಬಹುದು. ಆಯಿಲಿನ ಒತ್ತಡವಿಲ್ಲದೆ ಓಡುವ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ತನ್ನ ಬೇರಿಂಗುಗಳನ್ನು ತಾನೇ ತಿಂದುಹಾಕುತ್ತದೆ. ಆದುದರಿಂದ ನಿಂತ ಗಾಡಿಯ ಕೆಳಗೆ ನೆಲದ ಮೇಲೆ ತೈಲದ ಕಲೆ ಇದೆಯೇ ನೋಡಬೇಕು. ಕಡ್ಡಿಯನ್ನು ಎಳೆದು ಆಯಿಲಿನ ಮಟ್ಟ ನೋಡಬೇಕು. ಎಂಜಿನ್ನು ಶುರುವಾದ ಮೇಲೂ ಆಯಿಲಿನ ಕೆಂಪು ದೀಪ ಆರದಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ಆಳದಿಂದ ಸುತ್ತಿಗೆಯಲ್ಲಿ ಬಡಿದಂತೆ ಬರುವ, ಭಾರ ಬಿದ್ದಂತೆ ಹೆಚ್ಚುವ ಸದ್ದಾದರೂ ಅಷ್ಟೆ. ಗಾಡಿಯನ್ನು ಎಳೆಸಿಕೊಂಡು ಹೋಗುವ ಖರ್ಚಿಗೆ ಹಿಂಜರಿಯಬಾರದು. ಬ್ರೇಕು ಅಥವಾ ಚಕ್ರದ ಕಡೆಯಿಂದ ಹೊಸ ಸದ್ದು ಬಂದರೆ ಅದರ ಅಪಾಯವು ಎಂಜಿನ್ನಿಗಲ್ಲ, ಒಳಗೆ ಕುಳಿತವರಿಗೇ. ಇವಾವುವೂ ನಮ್ಮ ಕಾರಿನಲ್ಲಿ ಇರಲಿಲ್ಲ. ಹಾಗಾಗಿ ಸದ್ದನ್ನು ಆಲಿಸಲು ನಮಗೆ ಬಿಡುವು ದೊರೆಯಿತು.

ಸದ್ದಿನಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕೆಂದು ನಮ್ಮ ಸೂಚನೆ: ಅದರ ಲಯ, ಅದು ಭಾರಕ್ಕೆ ತೋರುವ ಪ್ರತಿಕ್ರಿಯೆ, ಮತ್ತು ಅದು ಹುಟ್ಟುವ ಸ್ಥಳ.

ಮೊದಲು ಲಯ. ನಮ್ಮ ಕಾರುಗಳ ಎಂಜಿನ್ನುಗಳು ನಾಲ್ಕು ಹೊಡೆತದವು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು ಒಂದೇ ಸುತ್ತು ತಿರುಗುತ್ತದೆ. ಒಂದೊಂದು ಸಿಲಿಂಡರಿನಲ್ಲಿಯೂ ಪ್ಲಗ್ಗು ಒಂದೇ ಸಲ ಕಿಡಿ ಹಾರಿಸುತ್ತದೆ. ನಿಂತಲ್ಲಿಯೇ ಓಡುವ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ, ಕ್ರ್ಯಾಂಕಿಗೆ ಸೇರಿದ ಪುಲ್ಲಿಯಂಥ ಭಾಗವೊಂದು ಸುತ್ತಿಗೊಮ್ಮೆ ತಗುಲುತ್ತಿದ್ದಲ್ಲಿ ಸೆಕೆಂಡಿಗೆ ಸುಮಾರು 13 ಸಲ ಸದ್ದು ಬರಬೇಕು. ಒಂದು ಕವಾಟಕ್ಕೋ ಒಂದು ಸಿಲಿಂಡರಿನ ಉರಿಗೋ ಸೇರಿದ ಸದ್ದಾದರೆ ಅದರ ಅರ್ಧದಷ್ಟು, ಎಂದರೆ ಆರೇಳು ಸಲ ಮಾತ್ರ. ಇಷ್ಟು ವೇಗದ ಸದ್ದನ್ನು ಕಿವಿಯಿಂದ ಎಣಿಸುವುದು ಸಾಧ್ಯವಾಗದು. ಆದರೆ ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಉಪಕರಣವಿದೆ. ನಾವು ಫೋನಿನಲ್ಲಿ ಸದ್ದನ್ನು ಮುದ್ರಿಸಿ, ನಿಧಾನಗತಿಯಲ್ಲಿ ಕೇಳಿ ಎಣಿಸಿದೆವು. ಹತ್ತು ಸೆಕೆಂಡಿಗೆ 66 ಅಥವಾ 67 ಬಂದಿತು. ಮುಳ್ಳು 800ರ ಬಳಿ ನಿಂತಿತ್ತು. ಇದರಿಂದ ಎರಡು ಅಂಶಗಳು ಸ್ಪಷ್ಟವಾದುವು. ಸದ್ದು ಅರ್ಧವೇಗದ ಗುಂಪಿಗೆ ಸೇರಿದ್ದು. ಮತ್ತು ಅದು ಒಂದೇ ಸಿಲಿಂಡರಿನದು. ನಾಲ್ಕರಿಂದಲೂ ಬರುತ್ತಿದ್ದರೆ ಎಣಿಕೆ ನಾಲ್ಕು ಪಟ್ಟಾಗಬೇಕಿತ್ತು.

ಹೊಸ ಆಯಿಲಿನ ದರ್ಜೆ ತಪ್ಪಿದ್ದರೆ, ಅಥವಾ ಫಿಲ್ಟರಿನೊಳಗೆ ತೈಲವು ರಾತ್ರಿಯೆಲ್ಲ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ಸಣ್ಣ ರಬ್ಬರಿನ ಕವಾಟವು ಕೆಟ್ಟದಾಗಿದ್ದರೆ, ಬೆಳಗ್ಗೆ ಎಂಜಿನ್ನು ಶುರುವಾದೊಡನೆ ಟಕಟಕ ಸದ್ದು ಬರುವುದುಂಟು. ಆದರೆ ಅದು ಸಾಮಾನ್ಯವಾಗಿ ಹಲವು ಕವಾಟಗಳಿಂದ ಒಟ್ಟಿಗೆ ಬರುತ್ತದೆ. ತೈಲ ಮೇಲೇರಿದ ಕೆಲವು ಕ್ಷಣಗಳಲ್ಲಿ ಅಡಗುತ್ತದೆ. ನಮ್ಮ ಸದ್ದು ಎಂಜಿನ್ನು ಬಿಸಿಯಾದ ಮೇಲೂ ಅಡಗಲಿಲ್ಲ. ಹಾಗಾದರೆ ಒಂಟಿ ಕವಾಟವೇ, ಇಲ್ಲವೇ ಒಂಟಿ ಪ್ಲಗ್ಗೇ? ಎರಡರ ಲಯವೂ ಒಂದೇ. ಎಣಿಕೆಯಿಂದ ಇದನ್ನು ಬಿಡಿಸಲಾಗದು.

ಎರಡನೆಯ ಪರೀಕ್ಷೆ ಇಲ್ಲಿ ನೆರವಿಗೆ ಬಂದಿತು. ಮೇಲ್ಸೇತುವೆಯೊಂದನ್ನು ಹತ್ತುವಾಗ ಸದ್ದು ಜೋರಾಗಿ, 'ಚಫ್ ಚಫ್' ಎಂಬಂತೆ ಕೇಳಿಸಿತು. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೆಚ್ಚುಕಡಿಮೆ ಮಾಯವಾಯಿತು. ಕವಾಟದ ಸಂದಿನಲ್ಲಿ ಹುಟ್ಟುವ ಸದ್ದಿಗೆ ಏರು ಇಳಿಜಾರುಗಳ ಪರಿವೆ ಹೆಚ್ಚಾಗಿರುವುದಿಲ್ಲ. ಅದು ವೇಗವನ್ನು ಹಿಂಬಾಲಿಸುತ್ತದೆ. ಸಿಲಿಂಡರಿನೊಳಗಣ ಅನಿಲವು ಎಲ್ಲಿಯೋ ಸೋರುತ್ತಿದ್ದರೆ ಮಾತ್ರ, ಒಳಗಿನ ಒತ್ತಡ ಹೆಚ್ಚಿದಂತೆಲ್ಲ ಸದ್ದೂ ಹೆಚ್ಚಬೇಕು. ಸರ್ವಿಸಿನಲ್ಲಿ ಕೈಹಾಕಿದ ಭಾಗಗಳ ಪಟ್ಟಿಯನ್ನು ಇದರ ಪಕ್ಕದಲ್ಲಿ ಇಟ್ಟುನೋಡಿದೆವು. ಪಟ್ಟಿಯಲ್ಲಿ ಅನಿಲವು ಸೋರುವುದಕ್ಕೆ ಎಡೆಯಿರುವುದು ಪ್ಲಗ್ಗಿನ ಬುಡವೊಂದೇ!

ಇಷ್ಟನ್ನು ತಿಳಿದುಕೊಂಡು ಗ್ಯಾರೇಜಿಗೆ ಹೋದೆವು. ತರುಣನ ಬದಲು ಅಲ್ಲಿನ ಹಿರಿಯ ಮೇಸ್ತ್ರಿಗಳು ಸಿಕ್ಕಿದರು. "ನಿಮ್ಮವರು ಕೆಡಿಸಿದರು" ಎಂಬ ಮಾತನ್ನು ನುಂಗಿಕೊಂಡು, "ಇಂಥ ಸದ್ದು, ಏರು ಹತ್ತುವಾಗ ಹೆಚ್ಚು, ಇಳಿಯುವಾಗ ಇಲ್ಲ, ಸರ್ವಿಸಿನ ಮರುದಿನದಿಂದ" ಎಂದಷ್ಟೇ ತಿಳಿಸಿದೆವು. ಅವರು ಒಂದು ಮಾತನ್ನೂ ಆಡದೆ, ಮೂರು ಅಡಿಯ ರಬ್ಬರು ಕೊಳವೆಯೊಂದರ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಒಂದು ಪ್ಲಗ್ಗಿನಿಂದ ಇನ್ನೊಂದಕ್ಕೆ ಸರಿಸುತ್ತ ಹೋದರು. ಎರಡನೆಯದರ ಬಳಿ ಕೈ ನಿಂತಿತು. "ಇಲ್ಲಿದೆ ನೋಡಿ ಸಾರ್, ಕೇಳಿ" ಎಂದು ಕೊಳವೆಯನ್ನು ನಮ್ಮ ಕಿವಿಗೆ ಕೊಟ್ಟರು. ಎಂಜಿನ್ನು ನಿಲ್ಲಿಸಿ, ತಣಿಯಲು ಬಿಟ್ಟು, ಮೇಲಿನ ಕಾಯಿಲನ್ನು ತೆಗೆದಾಗ ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಮಸಿಯ ಗುರುತು ಹತ್ತಿತ್ತು. ಹೊಸ ಪ್ಲಗ್ಗನ್ನು ಕೈಯಿಂದ ಕೂರಿಸಿದ ಮೇಲೆ ಅದರ ವಾಷರು ಒತ್ತಿಕೊಳ್ಳುವಂತೆ ಸ್ಪ್ಯಾನರಿನಿಂದ ಇನ್ನೂ ಅರ್ಧ ಸುತ್ತಿಗೂ ತುಸು ಮಿಗಿಲಾಗಿ ತಿರುಗಿಸಬೇಕು. ಮೂರಕ್ಕೆ ಹಾಗೆ ತಿರುಗಿಸಿದ್ದ ಕೈ, ನಾಲ್ಕನೆಯದರಲ್ಲಿ ಮರೆತಿತ್ತು. ಬಹುಶಃ ಯಾರೋ ನಡುವೆ ಕರೆದಿರಬೇಕು. ಮನುಷ್ಯನ ಗಮನವು ತುಂಡಾಗುವುದು ಹೀಗೆಯೇ. ಮೇಸ್ತ್ರಿಗಳು ಬಿಗಿಮಾಡಿದರು, ಸದ್ದು ನಿಂತಿತು.

ಅದನ್ನು ಹಾಗೆಯೇ ಓಡಿಸುತ್ತ ಹೋಗಿದ್ದರೆ? ಉರಿಯ ಶಾಖವನ್ನು ಪ್ಲಗ್ಗು ತನ್ನ ಬುಡದ ಮೂಲಕವೇ ಎಂಜಿನ್ನಿನ ತಲೆಗೆ ದಾಟಿಸಬೇಕು. ಬುಡ ಸರಿಯಾಗಿ ಕೂತಿರದಿದ್ದರೆ ಪ್ಲಗ್ಗು ಮಿತಿಮೀರಿ ಕಾಯುತ್ತದೆ; ಒಂದು ದಿನ ಅಲ್ಯೂಮಿನಿಯಮಿನ ಸುರುಳಿಯನ್ನು ಕಿತ್ತುಕೊಂಡು ಹಾರಿಹೋಗಲೂಬಹುದು. ಅರ್ಧ ಸುತ್ತಿನ ಕೆಲಸ ಹೋಗಿ ಎಂಜಿನ್ನಿನ ತಲೆಯನ್ನೇ ಬಿಚ್ಚುವ ಕೆಲಸವಾಗುತ್ತಿತ್ತು. "ಓಡಿಸಿ, ಏನೂ ಆಗಲ್ಲ" ಎಂಬ ಮಾತಿನ ಬೆಲೆ ಎಷ್ಟಾಗಬಹುದಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಗೆದ್ದವರೆಂದು ಬೀಗುತ್ತ ಮನೆಗೆ ಬರುತ್ತಿದ್ದೆವು. ಆದರೆ ಟಿಕ್ ಟಿಕ್ ನಿಂತೊಡನೆ ಅದರ ಹಿಂದಿನಿಂದ ಇನ್ನೊಂದು ಸದ್ದು ಕೇಳಿಸಿತು. ಬೆಲ್ಟಿನ ಕಡೆಯಿಂದ ಬರುವ ಸಣ್ಣನೆಯ 'ಗುಂಯ್' ಎಂಬ ಮೊರೆತ. "ಇದನ್ನೂ ನಿಮ್ಮವರೇ..." ಎಂದು ನಮ್ಮ ಬಾಯಿ ಅರ್ಧ ತೆರೆದಿತ್ತು. ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಆನಿಸಿ ಕೇಳಿದರು. "ಬೇರಿಂಗು ಸವೆದಿದೆ ಸಾರ್. ಇದು ನಿನ್ನೆ ಮೊನ್ನೆಯದಲ್ಲ" ಎಂದರು. ನಮಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆವು. ಮೂರು ತಿಂಗಳ ಹಿಂದೆ ಊರಿಗೆ ಹೊರಟಾಗ, ಓಡುತ್ತಿದ್ದ ಕಾರಿನ ಮುಂದೆ ಮನೆಯ ಮಕ್ಕಳು ನಿಂತಿದ್ದ ಚಲಚ್ಚಿತ್ರವೊಂದು ಇದ್ದಿತು. ಮಕ್ಕಳ ನಗುವಿನ ಹಿಂದೆ, ಸ್ಪಷ್ಟವಾಗಿ, ಅದೇ ಗುಂಯ್ಗುಟ್ಟುವಿಕೆ! ಮೂರು ತಿಂಗಳು ನಾವೇ ಅದರ ಪಕ್ಕದಲ್ಲಿ ಕುಳಿತು ಓಡಾಡಿದ್ದೆವು. ನಮ್ಮ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಹೀಗೆ ಒಂದೇ ವಾರದ ಎರಡು ಸದ್ದುಗಳಲ್ಲಿ ಒಂದಕ್ಕೆ ಗ್ಯಾರೇಜು ಕಾರಣ, ಇನ್ನೊಂದಕ್ಕೆ ಅಲ್ಲ. ದಿನವೂ ಕೇಳುವ ಸದ್ದನ್ನು ಮನಸ್ಸು ತಳ್ಳಿಹಾಕುತ್ತದೆ. ಅನುಮಾನ ಹುಟ್ಟಿದ ದಿನ ಎಲ್ಲವನ್ನೂ ಹೊಸದೆಂದು ಎತ್ತಿಕೊಳ್ಳುತ್ತದೆ. ಇದಲ್ಲದೆ, ದೊಡ್ಡ ಸದ್ದೊಂದು ಸಣ್ಣದನ್ನು ಮುಚ್ಚಿಕೊಂಡಿರುವುದೂ ಉಂಟು. ದೊಡ್ಡದು ರಿಪೇರಿಯಾದಾಗ ಸಣ್ಣದು ಬಯಲಿಗೆ ಬರುತ್ತದೆ. ಆಗ ಕೆಲಸ ಚೆನ್ನಾಗಿ ಮಾಡಿದವನೇ ಬೈಗುಳ ತಿನ್ನಬೇಕಾಗುತ್ತದೆ!

ಮೇಸ್ತ್ರಿಗಳ ಕೊಳವೆಯನ್ನು ಕಂಡಾಗ ನಮಗೆ ಪ್ಯಾರಿಸ್ಸಿನ ವೈದ್ಯ ರೆನೆ ಲೇನೆಕ್ ನೆನಪಾದನು. 1816ರಲ್ಲಿ ಆತನು ಕಾಗದದ ಹಾಳೆಗಳನ್ನು ಸುರುಳಿಮಾಡಿ ರೋಗಿಯ ಎದೆಗೆ ಒತ್ತಿ ಹೃದಯದ ಬಡಿತವನ್ನು ಕೇಳಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಸ್ಕ್ರೂಡ್ರೈವರಿನ ಗುಟ್ಟೂ ಭೌತಶಾಸ್ತ್ರದ್ದೇ. ಲೋಹದಲ್ಲಿ ಹುಟ್ಟಿದ ಕಂಪನದ ಬಹುಭಾಗವು ಗಾಳಿಗೆ ದಾಟಲಾರದೆ ಲೋಹದೊಳಕ್ಕೇ ಮರಳುತ್ತದೆ. ದಾಟಿದ ಅಲ್ಪಸ್ವಲ್ಪವೂ ಇತರ ಸದ್ದುಗಳೊಡನೆ ಕಲಸಿಹೋಗುತ್ತದೆ. ಉಕ್ಕಿನ ಸಲಾಕೆಯೊಂದನ್ನು ಒತ್ತಿ ಹಿಡಿದರೆ ಕಂಪನವು ಗಾಳಿಯ ಹಂಗಿಲ್ಲದೆ ನೇರವಾಗಿ ಮೂಳೆಗೆ ಬರುತ್ತದೆ. ಈ ಮೇಸ್ತ್ರಿಗಳು ಭೌತಶಾಸ್ತ್ರದ ಪುಸ್ತಕವನ್ನು ಓದಿದ್ದರೋ ಇಲ್ಲವೋ. ಆದರೆ ಅವರ ಕಿವಿಯು ನಮ್ಮೆಲ್ಲ ಎಣಿಕೆಗಿಂತ ಬೇಗನೆ ಸತ್ಯವನ್ನು ಮುಟ್ಟಿತು. ಅನುಭವದಿಂದ ಪಳಗಿದ ಇಂದ್ರಿಯವು ಒಂದು ವೈಜ್ಞಾನಿಕ ಉಪಕರಣವೇ ಸರಿ. ಓಡುವ ಎಂಜಿನ್ನಿನ ಬಳಿ ಬೆಲ್ಟು, ಫ್ಯಾನುಗಳಿರುವುದರಿಂದ ಅಭ್ಯಾಸವಿಲ್ಲದವರು ಮಾತ್ರ ಈ ಪರೀಕ್ಷೆಗೆ ಕೈಹಾಕಬಾರದು.

ಇನ್ನು, ಚೆನ್ನಾಗಿದ್ದ ಯಂತ್ರವು ತಪಾಸಣೆಯ ಬಳಿಕವೇ ಕೆಡುವುದೆಂಬ ದೂರು ಕೇವಲ ಕಾರಿನ ಮಾಲೀಕರ ಭ್ರಮೆಯೆ? ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕರಾವಳಿ ವಾಯುಪಡೆಯ ಲಿಬರೇಟರ್ ವಿಮಾನಗಳ ರಿಪೇರಿಯ ಲೆಕ್ಕಗಳನ್ನು ಸಿ. ಎಚ್. ವ್ಯಾಡಿಂಗ್ಟನ್ ಎಂಬ ಜೀವವಿಜ್ಞಾನಿಯೂ ಆತನ ಸಂಗಡಿಗರೂ ಪರಿಶೀಲಿಸಿದರು. ಪ್ರತಿ 50 ಗಂಟೆಗಳ ಹಾರಾಟಕ್ಕೊಮ್ಮೆ ವಿಮಾನಗಳಿಗೆ ನಿಗದಿಯಾದ ತಪಾಸಣೆ ನಡೆಯುತ್ತಿತ್ತು. ತಪಾಸಣೆಯಾದ ಒಡನೆ ಕೆಡುಕುಗಳು ಕಡಮೆಯಾಗಿ, ದಿನ ಕಳೆದಂತೆ ಹೆಚ್ಚಬೇಕೆಂದು ಯಾರಾದರೂ ಎಣಿಸುವರು. ಲೆಕ್ಕ ತೋರಿಸಿದ್ದು ಇದರ ತಿರುಗುಮುರುಗು! ಅನಿರೀಕ್ಷಿತ ರಿಪೇರಿಗಳು ತಪಾಸಣೆಯ ಬೆನ್ನಿಗೇ ಅತಿ ಹೆಚ್ಚಾಗಿದ್ದು, ಹಾರಾಟದ ಗಂಟೆಗಳು ಏರಿದಂತೆಲ್ಲ ಇಳಿಯುತ್ತಿದ್ದುವು. ಸುಸ್ಥಿತಿಯಲ್ಲಿದ್ದುದನ್ನು ಕಲಕುವುದರಿಂದಲೇ ಕೆಡುಕು ಹುಟ್ಟುತ್ತಿದೆಯೆಂದು ಅವರು ತೀರ್ಮಾನಿಸಿ, ಅನಗತ್ಯವಾದ ಬಿಚ್ಚಾಟವನ್ನು ಕಡಮೆ ಮಾಡುವಂತೆ ಸಲಹೆಯಿತ್ತರು. ಈ ವೃತ್ತಾಂತವನ್ನೊಳಗೊಂಡ ವ್ಯಾಡಿಂಗ್ಟನ್ನನ ಗ್ರಂಥವು 1973ರಲ್ಲಿ ಪ್ರಕಟವಾಯಿತು. ಮುಂದೆ 1978ರಲ್ಲಿ ಅಮೆರಿಕದ ನೌಲನ್ ಮತ್ತು ಹೀಪ್ ಎಂಬಿಬ್ಬರು ವಿಮಾನದ ಬಿಡಿಭಾಗಗಳು ಕೆಡುವ ಬಗೆಗಳನ್ನು ಕುರಿತು ವರದಿಯೊಂದನ್ನು ಹೊರತಂದರು. ಅವರು ನೋಡಿದ ಭಾಗಗಳಲ್ಲಿ ಶೇಕಡ 68ರಷ್ಟು, ಹೊಸದಾಗಿ ಜೋಡಿಸಿದ ಆರಂಭದಲ್ಲಿಯೇ ಹೆಚ್ಚು ಕೆಡುತ್ತಿದ್ದು, ಆ ಕಂಟಕವನ್ನು ದಾಟಿದ ಮೇಲೆ ನೆಮ್ಮದಿಯಾಗಿ ಬಾಳುತ್ತಿದ್ದುವು. ಎಳೆಗೂಸಿನ ಬಾಲಾರಿಷ್ಟದಂತೆ ಯಂತ್ರಕ್ಕೂ ಬಾಲಾರಿಷ್ಟವುಂಟೆಂದಾಯಿತು.

ಇದರ ಅತಿ ಭಯಂಕರವಾದ ನಿದರ್ಶನವು 1983ರ ಮೇ 5ರಂದು ಆಕಾಶದಲ್ಲಿ ನಡೆಯಿತು. ಮಯಾಮಿಯಿಂದ ನಸೌ ನಗರಕ್ಕೆ ಹೊರಟಿದ್ದ ಈಸ್ಟರ್ನ್ ಏರ್‌ಲೈನ್ಸಿನ ಮೂರು ಎಂಜಿನ್ನುಗಳ ಟ್ರೈಸ್ಟಾರ್ ವಿಮಾನದಲ್ಲಿ 172 ಮಂದಿ ಇದ್ದರು. ಒಂದು ಎಂಜಿನ್ನಿನ ಆಯಿಲಿನ ಒತ್ತಡ ಇಳಿಯಿತೆಂದು ಅದನ್ನು ನಿಲ್ಲಿಸಿ ಮಯಾಮಿಗೆ ಹಿಂದಿರುಗುವಷ್ಟರಲ್ಲಿ ಉಳಿದೆರಡೂ ಒಂದಾದ ಮೇಲೊಂದು ನಿಂತುಹೋದುವು. ಕೆಳಗೆ ಸಮುದ್ರ. ಮೊದಲು ನಿಲ್ಲಿಸಿದ್ದ ಎಂಜಿನ್ನನ್ನೇ ಹೇಗೋ ಮತ್ತೆ ಎಬ್ಬಿಸಿ ವಿಮಾನವನ್ನು ಇಳಿಸಿದರು. ಎಲ್ಲರ ಪ್ರಾಣವೂ ಉಳಿಯಿತು. ವಿಚಾರಣೆಯಲ್ಲಿ ಹೊರಬಿದ್ದ ಕಾರಣ ಏನು? ಹಿಂದಿನ ರಾತ್ರಿಯ ವಾಡಿಕೆಯ ತಪಾಸಣೆಯಲ್ಲಿ, ತೈಲದೊಳಗಣ ಲೋಹದ ಚೂರುಗಳನ್ನು ಪತ್ತೆಮಾಡುವ ಸಾಧನಗಳನ್ನು ಬದಲಾಯಿಸಿದ್ದರು. ಸೋರದಂತೆ ತಡೆಯುವ ರಬ್ಬರಿನ ಉಂಗುರಗಳನ್ನು ಮೂರು ಎಂಜಿನ್ನುಗಳಲ್ಲಿಯೂ ಹಾಕಿರಲಿಲ್ಲ. ಎಂಜಿನ್ನಿನ ಆರೋಗ್ಯವನ್ನು ಪರೀಕ್ಷಿಸುವ ಕ್ರಿಯೆಯೇ ಅದರ ಪ್ರಾಣಕ್ಕೆ ಎರವಾಗಿತ್ತು!

ಹಾಗಾದರೆ ಸರ್ವಿಸನ್ನೇ ಬಿಟ್ಟುಬಿಡೋಣವೆ? ಕೆಲವರು ಈ ಸಂಗತಿಗಳನ್ನು ಕೇಳಿ ಅಂತಹ ನಿರ್ಧಾರಕ್ಕೆ ಹಾರಬಹುದು. ಅದು ಶುದ್ಧ ಅವಿವೇಕ. ಆಯಿಲು ಶಾಖದಲ್ಲಿ ಆಮ್ಲಜನಕದೊಡನೆ ಕೂಡಿ ಹಾಳಾಗುವುದು, ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವುದು, ರಬ್ಬರಿನ ಬೆಲ್ಟು ಬಿರಿಯುವುದು ಕಾಲಧರ್ಮ. ಇವನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸಲೇಬೇಕು. ವಿಮಾನ ಸಂಸ್ಥೆಗಳೂ ತಪಾಸಣೆಯನ್ನು ಬಿಡಲಿಲ್ಲ; ತಪಾಸಣೆ ಮಾಡುವ ಕ್ರಮವನ್ನು ತಿದ್ದಿಕೊಂಡವು. ಒಬ್ಬನೇ ಕೆಲಸಗಾರನು ಎಲ್ಲ ಎಂಜಿನ್ನುಗಳಲ್ಲಿಯೂ ಒಂದೇ ಕೆಲಸವನ್ನು ಒಂದೇ ವೇಳೆ ಮಾಡದಂತೆ ನೋಡಿಕೊಳ್ಳುವುದು, ಮಾಡಿದ ಪ್ರತಿ ಕೆಲಸವನ್ನೂ ಬರೆದು ಸಹಿಹಾಕುವುದು, ಮುಖ್ಯ ಕೆಲಸವನ್ನು ಇನ್ನೊಬ್ಬನ ಕಣ್ಣಿನಿಂದ ನೋಡಿಸುವುದು – ಇವೇ ಅವರು ಕಂಡುಕೊಂಡ ಮದ್ದು. ತಪ್ಪು ಮಾಡದ ಕೆಲಸಗಾರನನ್ನು ಅವರು ಹುಡುಕಲಿಲ್ಲ, ಅಂತಹವನು ಸಿಕ್ಕುವುದಿಲ್ಲ. ತಪ್ಪು ಬೇಗನೆ ಗೊತ್ತಾಗುವಂತಹ ವ್ಯವಸ್ಥೆಯನ್ನು ಹುಡುಕಿದರು.

ನಮ್ಮ ಊರುಗಳ ಗ್ಯಾರೇಜುಗಳಿಗೆ ವಿಮಾನದ ಕಟ್ಟುಪಾಡುಗಳನ್ನೆಲ್ಲ ಹೇರಬೇಕೆಂದು ನಾವು ಹೇಳುವುದಿಲ್ಲ. ಅವುಗಳಿಂದ ನಾವು ಬೇಡುವುದು ಮೂರೇ. ಒಂದು: ಬಿಲ್ಲಿನಲ್ಲಿ ಹಾಕಿದ ಸಾಮಾನಿನ ಬೆಲೆಯ ಜೊತೆಗೆ, ಯಾವ ಯಾವ ಭಾಗಗಳನ್ನು ಬಿಚ್ಚಿ ಕೂಡಿಸಲಾಯಿತು, ಎಂತಹ ದರ್ಜೆಯ ಆಯಿಲು ಎಷ್ಟು ಹಾಕಲಾಯಿತು ಎಂಬುದನ್ನು ಬರೆದುಕೊಡಬೇಕು. ಸದ್ದಿನ ಪತ್ತೆಗೆ ನಮಗೆ ನಿಜವಾಗಿ ದಾರಿ ತೋರಿಸಿದ್ದು ಆ ಪಟ್ಟಿಯೇ. ಅದನ್ನು ನಾವು ಬಾಯಿಂದ ಬಾಯಿಗೆ ಕೇಳಿ ಕೂಡಿಸಿಕೊಳ್ಳಬೇಕಾಯಿತು. ಎರಡು: ಗಾಡಿಯನ್ನು ಒಪ್ಪಿಸುವ ಮುನ್ನ ಮಾಲೀಕನನ್ನು ಕೂರಿಸಿಕೊಂಡು ಒಂದು ಮೈಲಿಯಾದರೂ, ಸಾಧ್ಯವಾದರೆ ಒಂದು ಏರಿನ ಮೇಲೆ, ಓಡಿಸಿ ತೋರಿಸಬೇಕು. ತೊಳೆದು ಒರೆಸುವುದಕ್ಕೆ ವ್ಯಯವಾಗುವ ಹೊತ್ತಿನಲ್ಲಿ ಕಾಲುಭಾಗ ಇದಕ್ಕೆ ಸಾಕು. ಮೂರು: ಮರುದಿನ ಸದ್ದಿನ ದೂರು ತಂದವನನ್ನು ಕಾಟಕೊಡುವವನೆಂದು ನೋಡಬಾರದು. "ಹಳೇ ಗಾಡಿ" ಎಂಬುದು ಉತ್ತರವಲ್ಲ. ಉತ್ತರವನ್ನು ಹುಡುಕುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯ.

ಮಾಲೀಕರಾದ ನಮ್ಮ ಕರ್ತವ್ಯಗಳೂ ಉಂಟು. ಗಾಡಿಯನ್ನು ಬಿಡುವ ಮುನ್ನವೇ, ಎಂಜಿನ್ನು ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ, ಅದರ ಸದ್ದನ್ನು ಒಂದೊಂದು ನಿಮಿಷ ಫೋನಿನಲ್ಲಿ ಮುದ್ರಿಸಿಕೊಳ್ಳುವುದು ಉತ್ತಮ. ಮುಂದೆ ವಿವಾದ ಬಂದರೆ ಅದಕ್ಕಿಂತ ನ್ಯಾಯವಾದ ಸಾಕ್ಷಿಯಿಲ್ಲ. ಅದು ಅವರ ತಪ್ಪನ್ನೂ ತೋರಿಸಬಲ್ಲದು, ನಮ್ಮ ತಪ್ಪನ್ನೂ ತೋರಿಸಬಲ್ಲದು. ದೂರು ಹೇಳುವಾಗ ಕಾರಣವನ್ನು ಹೇಳಬಾರದು, ಲಕ್ಷಣವನ್ನು ಹೇಳಬೇಕು. "ಪ್ಲಗ್ಗು ಸರಿಯಾಗಿ ಹಾಕಿಲ್ಲ" ಎಂದರೆ ಕೇಳುವವನ ಮಾನ ಕೆಣಕಿದಂತಾಗುತ್ತದೆ. "ಏರಿನಲ್ಲಿ ಹೀಗೆ, ಇಳಿಜಾರಿನಲ್ಲಿ ಹೀಗೆ" ಎಂದರೆ ಅವನ ಬುದ್ಧಿಯನ್ನು ಕೆಲಸಕ್ಕೆ ಕರೆದಂತಾಗುತ್ತದೆ. ಮತ್ತು ಸದ್ದು ಕೇಳಿದ ಅಂದೇ ಹೋಗಬೇಕು. ವಾರ ಕಳೆದ ಮೇಲೆ ಹೋದರೆ ಆ ವಾರದಲ್ಲಿ ನಡೆದುದೆಲ್ಲ ಲೆಕ್ಕಕ್ಕೆ ಬಂದು ಕಾರಣವು ಕಲಸಿಹೋಗುತ್ತದೆ. ಸೌಜನ್ಯದಿಂದ ಕೇಳಿಯೂ ಗ್ಯಾರೇಜು ಕಿವಿಗೊಡದಿದ್ದರೆ, ಸೇವೆಯ ಕೊರತೆಗೆ ಪರಿಹಾರ ಕೇಳುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಟ್ಟಿದೆ. ಆದರೆ ಕಾನೂನು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ವಿದ್ಯುತ್ ಗಾಡಿಗಳು ಬರುತ್ತಿರುವ ಈ ಕಾಲದಲ್ಲಿ ಪ್ಲಗ್ಗು, ಟ್ಯಾಪೆಟ್ಟುಗಳ ಮಾತು ಹಳೆಯದಾಯಿತೆಂದು ಯಾರಾದರೂ ಅಂದಾರು. ಪ್ಲಗ್ಗು ಹೋಗಬಹುದು, ಬೇರಿಂಗು, ಬ್ರೇಕು, ಬೋಲ್ಟುಗಳು ಹೋಗುವುದಿಲ್ಲ. ಎಂಜಿನ್ನಿನ ಗದ್ದಲ ಇಲ್ಲದ ಗಾಡಿಯಲ್ಲಿ ಸಡಿಲವಾದ ಒಂದು ಬೋಲ್ಟಿನ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸೀತು. ಬಿಚ್ಚಿ ಕೂಡಿಸುವ ಕೈ ಮನುಷ್ಯನದಾಗಿರುವವರೆಗೆ, ರಿಪೇರಿಯ ಮರುದಿನದ ಸದ್ದೂ ನಮ್ಮೊಡನೆ ಇದ್ದೇ ಇರುತ್ತದೆ.

ಆಲ್ಟರ್ನೇಟರಿನ ಬೇರಿಂಗನ್ನು ಬದಲಾಯಿಸಲು ನಾವು ಮರಳಿ ಅದೇ ಗ್ಯಾರೇಜಿಗೆ ಹೋದೆವು. ತರುಣ ಮೆಕ್ಯಾನಿಕ್ಕನು ನಮ್ಮನ್ನು ಕಂಡು ಸಂಕೋಚಪಟ್ಟನು. ನಮಗೂ ಸಂಕೋಚವಾಗದೆ ಇರಲಿಲ್ಲ, ಏಕೆಂದರೆ ಎರಡನೆಯ ಸದ್ದಿಗೆ ಅವನನ್ನೇ ದೂರಲು ನಾವು ಬಾಯಿ ತೆರೆದಿದ್ದೆವಲ್ಲ! ಹಿರಿಯ ಮೇಸ್ತ್ರಿಗಳು ಅವನನ್ನು ಬೈಯಲಿಲ್ಲ. ರಬ್ಬರು ಕೊಳವೆಯನ್ನು ಅವನ ಕೈಗೆ ಕೊಟ್ಟು, "ಬಾರಪ್ಪ, ನೀನೇ ಕೇಳಿ ಹೇಳು, ಎಲ್ಲಿಂದ ಬರ್ತಿದೆ?" ಎಂದರು. ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿ, ಸರಿಯಾದ ಜಾಗವನ್ನೇ ತೋರಿಸಿದನು. ಕೆಲಸ ಮುಗಿದ ಮೇಲೆ, ನಾವು ಕೇಳುವ ಮುನ್ನವೇ, ಬಿಚ್ಚಿದ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ನಮ್ಮನ್ನು ಕೂರಿಸಿಕೊಂಡು ಮೇಲ್ಸೇತುವೆಯ ತನಕ ಹೋಗಿಬಂದನು.